ವಾಳಪೈ ಬಂತು, ಇಳೀರಿ

ಡಯಾಲಿಸಿಸ್‌ಗೆ ಬಂದವರ ಮುಖ ನೋಡುವ ಮೊದಲು ನಾವು ಅವರ ಚಪ್ಪಲಿ ನೋಡುತ್ತಿದ್ದೆವು. ಇದನ್ನು ಕಲಿಸಿದವರು ಫಿಲೋಮಿನಾ ಸಿಸ್ಟರ್, ನಾನು ಸೇರಿದಾಗ ನಮ್ಮ ಘಟಕದ ಹಿರಿಯ ನರ್ಸ್. ಅವರು ಬಾಗಿಲಲ್ಲಿ ನಿಂತು ಬಂದವರ ಕಾಲಿನ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಇವನ ಚಪ್ಪಲಿಯ ಪಟ್ಟಿ ಇವತ್ತು ಕೊನೇ ತೂತಿಗೆ ಬಂದಿದೆ, ನೀರು ಜಾಸ್ತಿ ಕುಡಿದಿದ್ದಾನೆ ಅಂತ ಕಿವಿಯಲ್ಲಿ ಹೇಳುತ್ತಿದ್ದರು. ಕಿಡ್ನಿ ಕೈಬಿಟ್ಟವರ ಮೈಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಪಾದಕ್ಕೆ ಇಳಿಯುತ್ತದೆ. ತೂಕದ ಯಂತ್ರದ ಮೇಲೆ ಹತ್ತುವಾಗ ಜೇಬಿನ ಮೊಬೈಲು ಭಾರ, ಪ್ಯಾಂಟು ಭಾರ ಅಂತ ನೆಪ ಹೇಳಬಹುದು. ಚಪ್ಪಲಿಯ ಹತ್ತಿರ ನೆಪ ನಡೆಯುವುದಿಲ್ಲ.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಘಟಕಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಚಹಾಕ್ಕೆ ಬಂದು, ಕೆಲಸ ಖರೇ ಹೆಂಗಿತ್ತು ಹೇಳ್ರಿ ಅಂತ ಕೂರುತ್ತಾರೆ. ಯಂತ್ರದ ಗುಂಡಿಗಳ ಬಗ್ಗೆ ಅವರಿಗೇ ನನಗಿಂತ ಹೆಚ್ಚು ಗೊತ್ತು. ನನ್ನ ಹತ್ತಿರ ಇರುವುದು ಮಂದಿಯ ಕಥೆ. ನಾನು ಹುಟ್ಟಿ ಬೆಳೆದದ್ದು ಗೋವಾದ ಉಸಗಾಂವದಲ್ಲಿ. ಶಾಲೆ ಮರಾಠಿ, ಓಣಿ ಕೊಂಕಣಿ. ಕನ್ನಡ ಬಂದದ್ದು ಧಾರವಾಡದ ನಮ್ಮಜ್ಜಿಯಿಂದ, ಅವಳು ರೊಟ್ಟಿ ಬಡಿಯುತ್ತಾ ಹೇಳುತ್ತಿದ್ದ ಮಾತುಗಳಿಂದ. ಅವಳು ನೆಟ್ಟಗೆ ಒಂದು ಸುದ್ದಿ ಹೇಳಿದ್ದೇ ಇಲ್ಲ, ನಾಲ್ಕು ಓಣಿ ಸುತ್ತಿಸಿಯೇ ಮನೆ ಮುಟ್ಟಿಸುತ್ತಿದ್ದಳು. ನನಗೂ ಅದೇ ಚಟ. ತಡಕೊಳ್ಳಬೇಕು.

ಆಗಿನ ಯಂತ್ರಗಳು ಈಗಿನ ಹಾಗೆ ಇಷ್ಟೇ ನೀರು ತೆಗಿ ಅಂದರೆ ಅಷ್ಟೇ ತೆಗೆಯುವ ಜಾಣ ಯಂತ್ರಗಳಲ್ಲ. ಒತ್ತಡದ ತಿರುಪು ತಿರುವಿ, ಅಂದಾಜಿನ ಮೇಲೆ ನಡೆಸಬೇಕು. ಸ್ವಲ್ಪ ಜಾಸ್ತಿ ತಿರುವಿದರೆ ರೋಗಿಯ ಬಿ.ಪಿ. ಬಾವಿಗೆ ಬಿದ್ದ ಕೊಡದಂತೆ ಇಳಿಯುತ್ತಿತ್ತು. ಆಕಳಿಕೆ, ವಾಂತಿ, ಕಾಲಿನ ಸೆಳೆತ. ಒಬ್ಬರ ಕಾಲು ತಿಕ್ಕಿ ಏಳುವಷ್ಟರಲ್ಲಿ ಇನ್ನೊಬ್ಬರು ಕರೆಯುತ್ತಿದ್ದರು. ಫಿಲೋಮಿನಾ ಸಿಸ್ಟರ್ ಮಾತ್ರ ಅವಸರ ಮಾಡಿದವರಲ್ಲ. ಪ್ರತಿ ಮಂಚದ ಹತ್ತಿರ ನಿಂತು, ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟು, ಕಣ್ಣು ಮುಚ್ಚುತ್ತಿದ್ದರು. ಹೊಸಬರಾದ ನಾವು ಅವರು ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆವು. ಕೇಳಿದರೆ, ನಾಡಿ ಎಷ್ಟು ಸಲ ಬಡಿಯಿತು ಅಂತ ಯಂತ್ರ ತೋರಿಸುತ್ತದೆ ತಂಗೀ, ಹೇಗೆ ಬಡಿಯಿತು ಅಂತ ಬೆರಳಿಗೇ ತಿಳಿಯಬೇಕು ಅಂದರು.

ಹೇಗೆ ಬಡಿಯಿತು ಅನ್ನುವುದರ ಬೆಲೆ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅವರು ನಿವೃತ್ತರಾಗಿ ನಾನೇ ಹಿರಿಯಳಾದಾಗ. ತಿಳಿಸಿದವರು ಮೌಲಾಸಾಬ.

ಮೌಲಾಸಾಬ ವಿಜಯಪುರದ ಕಡೆಯವರು. ಹರೆಯದಲ್ಲಿ ಉಸಗಾಂವಕ್ಕೆ ಬಂದು ಅದಿರಿನ ಲಾರಿಗೆ ಕ್ಲೀನರ್ ಆಗಿ, ಆಮೇಲೆ ಮ್ಹಾಪ್ಸಾದಿಂದ ವಾಳಪೈಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆದವರು. ಬಿ.ಪಿ. ಇದೆ ಅಂದಾಗ ನಕ್ಕರಂತೆ. ಸಕ್ಕರೆ ಕಾಯಿಲೆ ಇದೆ ಅಂದಾಗ ಮತ್ತೂ ನಕ್ಕರಂತೆ. ಎರಡೂ ಕೂಡಿಕೊಂಡು ಸದ್ದಿಲ್ಲದೆ ಕಿಡ್ನಿ ತಿಂದವು. ಹಾಗೆ ನಮ್ಮ ಘಟಕದ ಕಿಟಕಿ ಪಕ್ಕದ ಮಂಚಕ್ಕೆ ಬಂದರು. ಅವರು ಬಸ್ಸು ಬಿಟ್ಟಿದ್ದರು, ಬಸ್ಸು ಅವರನ್ನು ಬಿಟ್ಟಿರಲಿಲ್ಲ.

ನಾಲ್ಕು ತಾಸು ಒಂದೇ ಕಡೆ ಮಲಗುವ ಡಯಾಲಿಸಿಸ್ಸನ್ನು ಅವರು ಮ್ಹಾಪ್ಸಾ-ವಾಳಪೈ ಬಸ್ಸು ಮಾಡಿಬಿಟ್ಟರು. ಎಲ್ಲರ ಯಂತ್ರ ಚಾಲೂ ಆದರೆ ಗಾಡಿ ಮ್ಹಾಪ್ಸಾ ಬಿಟ್ಟಿತು. ಒಂದು ತಾಸಿಗೆ ಅಸನೋಡಾ, ಎರಡನೇ ತಾಸಿಗೆ ಡಿಚೋಲಿ, ಮೂರನೆಯದಕ್ಕೆ ಸಾಂಖಳಿ. ಅಲ್ಲಿಂದ ಮುಂದಿನ ದಾರಿ ಎಲ್ಲರಿಗೂ ಬೇಸರದ್ದು, ಸೊಂಟ ನೋಯುತ್ತದೆ, ಕಾಲು ಸೆಳೆಯುತ್ತದೆ. ಅದಕ್ಕೆ ನಡುವೆ ಹೊಂಡಾ ಅಂತ ಇನ್ನೊಂದು ಸ್ಟಾಪು ಇಟ್ಟಿದ್ದರು, ಮನಸ್ಸಿನ ಸಮಾಧಾನಕ್ಕೆ. ಕೊನೆಗೆ ಬರುತ್ತಿತ್ತು ಆ ಕೂಗು: "ವಾಳಪೈ, ವಾಳಪೈ. ವಾಳಪೈ ಬಂತು, ಇಳೀರಿ. ನಿಮ್ಮ ನಿಮ್ಮ ಸಾಮಾನ ನಿಮ್ಮ ಜವಾಬ್ದಾರಿ." ನಾನು ಮಂಚಗಳ ನಡುವೆ ಓಡಾಡಿದರೆ "ಫುಡೆಂ ವಚ, ಫುಡೆಂ ವಚ, ಬಾಗಲದಾಗ ನಿಂದರಬ್ಯಾಡ್ರಿ" ಅಂತ ನನ್ನನ್ನೇ ಮುಂದಕ್ಕೆ ಸರಿಸುತ್ತಿದ್ದರು. ಒಮ್ಮೊಮ್ಮೆ ಸಾಂಖಳಿಯಲ್ಲಿ ಕುಡಿದು ಹತ್ತಿದ ಪ್ರಯಾಣಿಕನ ನಾಟಕ: ನಾಲಿಗೆ ತೊಡರಿಸಿ, ಕುತ್ತಿಗೆ ವಾಲಿಸಿ, ನನ್ನ ಸ್ಟಾಪ್ ಬಂತೇನು ಅಂತ ತನ್ನನ್ನೇ ಕೇಳಿಕೊಳ್ಳುವುದು. ನೋವಿನಲ್ಲಿದ್ದವರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಪಕ್ಕದ ಮಂಚದ ಕುಲಕರ್ಣಿಯವರು, ಧಾರವಾಡದಿಂದ ಬಂದು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಉಳಿದ ವೇಳೆಯಲ್ಲಿ ಭಾಳ ಗಂಭೀರ ಮನುಷ್ಯ.

ಈ ಇಬ್ಬರೂ ಕೂಡಿ ಒಂದು ಶಾಸ್ತ್ರ ಕಟ್ಟಿದ್ದರು. ಮೊದಲನೇ ತಾಸಿನಲ್ಲಿ ಏನು ತಿಂದರೂ ಯಂತ್ರ ತೊಳೆದು ಹಾಕುತ್ತದೆ ಅನ್ನುವುದು ಅದರ ಸಾರ. ಇದು ನಮ್ಮ ಘಟಕದ ಮಾತಷ್ಟೇ ಅಲ್ಲ, ಡಯಾಲಿಸಿಸ್ ನಡೆಯುವಲ್ಲೆಲ್ಲ ಈ ಮಾತು ಓಡಾಡುತ್ತದೆ. ಆದ್ದರಿಂದ ಗಾಡಿ ಅಸನೋಡಾ ಮುಟ್ಟುವ ಮೊದಲೇ ಡಬ್ಬಿಗಳು ತೆರೆಯುತ್ತಿದ್ದವು. ಮೌಲಾಸಾಬರ ಡಬ್ಬಿಯಲ್ಲಿ ಹುರಿದ ಒಣ ಬಂಗಡೆ. ಕುಲಕರ್ಣಿಯವರ ದಿಂಬಿನ ಕೆಳಗೆ ಲಿಂಬೆ ಉಪ್ಪಿನಕಾಯಿ. ಮೀನಿನ ವಾಸನೆ ತನಗೆ ಆಗದು ಅಂತ ಅವರು ದೂರು ಹೇಳುವುದು, ಉಪ್ಪಿನಕಾಯಿ ವಾಸನೆಗೆ ತನಗೆ ಹಸಿವಾಗುತ್ತದೆ ಅಂತ ಇವರು ದೂರು ಹೇಳುವುದು. ನಾನು ಎರಡನ್ನೂ ಕಸಿದುಕೊಂಡರೆ ಇಬ್ಬರೂ ಒಂದಾಗಿ ನನ್ನ ಮೇಲೆ ಡಾಕ್ಟರಬಾಯಿಗೆ ದೂರು ಹೇಳುವುದು. ಡಾಕ್ಟರಬಾಯಿ ಅಂದರೆ ನಮ್ಮ ಕಿಡ್ನಿ ತಜ್ಞರು, ನಗುಮುಖದವರು, ಆದರೆ ಉಪ್ಪಿನ ವಿಷಯದಲ್ಲಿ ನಗುತ್ತಿರಲಿಲ್ಲ. ಯಂತ್ರ ಒಂದಿಷ್ಟು ಉಪ್ಪು ತೆಗೆದೀತು, ಬಾಯಾರಿಕೆಯನ್ನು ತೆಗೆಯುವುದಿಲ್ಲ ಅನ್ನುತ್ತಿದ್ದರು. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತ ನಮ್ಮಜ್ಜಿ ಬೇರೆ ಅರ್ಥದಲ್ಲಿ ಹೇಳುತ್ತಿದ್ದ ಗಾದೆ ನಮ್ಮ ಘಟಕದಲ್ಲಿ ಅಕ್ಷರಶಃ ನಿಜವಾಗುತ್ತಿತ್ತು. ಉಪ್ಪು, ಬಾಯಾರಿಕೆ, ನೀರು, ಏರಿದ ಬಿ.ಪಿ. ಆ ಏರಿದ ಬಿ.ಪಿ. ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ನಾವು ಯಾರೂ ಅಷ್ಟು ತಲೆಗೆ ಹಚ್ಚಿಕೊಂಡಿರಲಿಲ್ಲ. ಕಿಡ್ನಿ ನಮ್ಮ ವಾರ್ಡು, ಮಿದುಳು ಇನ್ನೊಂದು ವಾರ್ಡು ಅನ್ನುವ ಭಾವನೆ.

ಆ ದಿನ ಸಾಂಖಳಿ ಬರುವ ಹೊತ್ತು. ಮೌಲಾಸಾಬ ಕೂಗಿದರು. ನಾಲಿಗೆಗೆ ಅರಳೆ ಸುತ್ತಿದ ಹಾಗೆ ಕೇಳಿಸಿತು. ಕುಡುಕನ ನಾಟಕ ಶುರುವಾಯಿತು ಅಂತ ವಾರ್ಡಿಗೆ ವಾರ್ಡೇ ನಕ್ಕಿತು. ಕುಲಕರ್ಣಿಯವರು ಇನ್ನೊಮ್ಮೆ, ಇನ್ನೊಮ್ಮೆ ಅಂದರು. ನಾನೂ ನಗುತ್ತಲೇ ತಿರುಗಿದೆ. ನಾಟಕ ಮಾಡುವಾಗ ಮೌಲಾಸಾಬ ಕುತ್ತಿಗೆ ವಾಲಿಸುತ್ತಿದ್ದರು, ಕಣ್ಣಲ್ಲಿ ತುಂಟತನ ಇರುತ್ತಿತ್ತು. ಈಗ ಕುತ್ತಿಗೆ ನೆಟ್ಟಗಿತ್ತು, ಕಣ್ಣಲ್ಲಿ ಹೆದರಿಕೆ ಇತ್ತು.

ಹತ್ತಿರ ಹೋಗಿ ನಗಿರಿ ಅಂದೆ. ಬಾಯಿಯ ಎಡತುದಿ ಏರಿತು, ಬಲತುದಿ ಅಲ್ಲೇ ಉಳಿಯಿತು. ಎರಡೂ ಕೈ ಎತ್ತಿಸಿ ನೋಡಬೇಕು ಅಂತ ಪಾಠ ಹೇಳುತ್ತದೆ. ಆದರೆ ನಮ್ಮ ರೋಗಿಯ ಒಂದು ಕೈಯಲ್ಲಿ ಸೂಜಿಗಳಿರುತ್ತವೆ, ಅದನ್ನು ಎತ್ತಿಸುವ ಹಾಗಿಲ್ಲ. ಹೊಸಬರು ಇದನ್ನು ನೆನಪಿಡಬೇಕು. ನನ್ನ ಬೆರಳುಗಳನ್ನು ಅವರ ಎರಡೂ ಅಂಗೈಯಲ್ಲಿಟ್ಟು ಹಿಂಡಿರಿ ಅಂದೆ. ಸೂಜಿಯಿದ್ದ ಎಡಗೈ ಗಟ್ಟಿಯಾಗಿ ಹಿಡಿಯಿತು. ಖಾಲಿ ಇದ್ದ ಬಲಗೈ ಹಿಡಿಯಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ತಡೆಯುತ್ತಿತ್ತು, ಯಾವ ತಾಳಕ್ಕೂ ಸೇರದ ಬಡಿತ. ಡಾಕ್ಟರಬಾಯಿ ಓಡಿ ಬಂದರು. ಯಂತ್ರದಲ್ಲಿದ್ದ ರಕ್ತ ಮೈಗೆ ಸೇರಿಸಿ, ಸೂಜಿ ತೆಗೆದು, ಅವರನ್ನು ಆಂಬ್ಯುಲೆನ್ಸಿಗೆ ಏರಿಸಿದೆವು. ಸ್ವಲ್ಪ ಮಲಗಲಿ, ತಾನೇ ಸರಿಯಾಗುತ್ತದೆ ಅಂತ ಯಾರೋ ಅಂದರು. ಈ ಮಾತನ್ನು ಯಾರು ಹೇಳಿದರೂ ಕೇಳಬಾರದು. ಮಿದುಳಿನ ವಿಷಯದಲ್ಲಿ ಮಲಗಿ ಕಾಯುವುದು ಅಂತ ಇಲ್ಲ.

ಮೌಲಾಸಾಬರ ಹೆಂಡತಿ ಮೆಹಬೂಬಿ ನನ್ನ ಜೊತೆ ಹಿಂದೆ ಕೂತಿದ್ದರು. ಇದು ಲಕ್ವಾ ಅಲ್ಲೇನ್ರಿ, ಎಣ್ಣಿ ತಿಕ್ಕವರ ಕಡೆ ಹೋಗೋಣೇನ್ರಿ ಅಂತ ಮೆಲ್ಲಗೆ ಕೇಳಿದರು. ಮೊದಲು ದೊಡ್ಡಾಸ್ಪತ್ರೆ, ತಿಕ್ಕುವ ಮಾತು ಆಮೇಲೆ ಅಂದೆ. ಮೌಲಾಸಾಬ ಏನೋ ಹೇಳಲು ಹೆಣಗುತ್ತಿದ್ದರು, ಮಾತು ಬಾಯಲ್ಲೇ ಕಲಸಿಹೋಗುತ್ತಿತ್ತು. ದಾರಿ ಅರ್ಧ ಮುಗಿದಿರಬೇಕು, ಡ್ರೈವರ್ ಒಂದು ತಿರುವಿನಲ್ಲಿ ನಿಧಾನ ಮಾಡಿದ. ಹಿಂದಿನಿಂದ ದನಿ ಬಂತು, ಇನ್ನೂ ಸ್ವಲ್ಪ ಒರಟು, ಆದರೆ ತಿಳಿಯುವಂಥದ್ದು:

"ಹಿಂಗ ಹೊಡದರ ಗಾಡಿ ಯಾವಾಗ ಮುಟ್ಟತೈತೋ ಮಾರಾಯಾ, ಫುಡೆಂ ವಚ."

ಮೆಹಬೂಬಿ ಬುರ್ಖಾದ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಅತ್ತರೋ ನಕ್ಕರೋ ತಿಳಿಯಲಿಲ್ಲ. ನಾನಂತೂ ಎರಡೂ ಮಾಡಿದೆ.

ದೊಡ್ಡಾಸ್ಪತ್ರೆಯಲ್ಲಿ ತಲೆಯ ಸ್ಕ್ಯಾನು, ಎದೆಯ ಇಸಿಜಿ ಎಲ್ಲ ಆಯಿತು. ಮಿದುಳಿನಲ್ಲಿ ರಕ್ತ ಸೋರಿರಲಿಲ್ಲ. ಒಂದು ಸಣ್ಣ ಹೆಪ್ಪು ಕೆಲವು ನಿಮಿಷ ದಾರಿ ಕಟ್ಟಿ ತಾನೇ ಕರಗಿತ್ತು. ಇದು ಎಚ್ಚರಿಕೆಯ ಗಂಟೆ, ಮುಂದಿನದು ಹೀಗೆ ಕರಗುತ್ತದೆ ಅನ್ನುವ ಭರವಸೆ ಇಲ್ಲ ಅಂದರು ಅಲ್ಲಿಯ ಡಾಕ್ಟರು. ಹೃದಯದ ಮೇಲ್ಭಾಗದ ಕೋಣೆಗಳು ಸರಿಯಾಗಿ ಹಿಂಡದೆ ಬರೀ ನಡುಗುತ್ತಿದ್ದವು. ಹಾಗೆ ನಡುಗಿದಾಗ ರಕ್ತ ಅಲ್ಲಲ್ಲೇ ನಿಂತು ಹೆಪ್ಪಾಗುತ್ತದೆ, ಆ ಹೆಪ್ಪು ಹೊರಟರೆ ನೇರ ತಲೆಗೆ. ಬಂದು ಹೋಗಿ ಮಾಡುವ ನಡುಕವಾದ್ದರಿಂದ ಮೊದಲು ಸಿಕ್ಕಿರಲಿಲ್ಲ. ಕಿಡ್ನಿ ರೋಗಿಗಳಲ್ಲಿ ಇದು ಹೆಚ್ಚು. ಅದರ ಜೊತೆ ಏರಿದ ಬಿ.ಪಿ., ಸಕ್ಕರೆ, ಸುಣ್ಣ ಕಟ್ಟಿ ಬಿರುಸಾದ ರಕ್ತನಾಳ, ಡಯಾಲಿಸಿಸ್ ದಿನ ಏರಿಳಿಯುವ ಒತ್ತಡ, ಮೇಲೆ ಬಾಯಲ್ಲಿ ತಂಬಾಕು. ಮೌಲಾಸಾಬರ ಬಸ್ಸಿನಲ್ಲಿ ಇವರೆಲ್ಲ ಟಿಕೆಟ್ ತೆಗೆಸದೆ ಕೂತಿದ್ದರು.

ಮರಳಿ ಬಂದ ದಿನ ಅವರು ಡಬ್ಬಿ ತಂದಿರಲಿಲ್ಲ, ಕೂಗಲೂ ಇಲ್ಲ. ಅಸನೋಡಾ ಸುಮ್ಮನೆ ಹೋಯಿತು. ನಾನು ಪಕ್ಕದಲ್ಲಿ ಕೂತೆ. ಸಾಯುವ ಹೆದರಿಕೆ ಇದೆಯೇನು ಅಂತ ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು.

"ಸಾಯೂದಕ್ಕ ಅಂಜಿಲ್ರಿ ಅಕ್ಕಾರ. ಕಾಲ ಹೋದ್ರ ಕುಂತ ಕೂಗತೀನಿ. ಕೈ ಹೋದ್ರ ಬಾಯಿಲೆ ಸಿಳ್ಳಿ ಹೊಡೀತೀನಿ. ನಾಲಿಗಿ ಹೋತಂದ್ರ ಈ ಗೋವಾದಾಗ ಮೌಲಾಸಾಬನ ಗುರ್ತ ಯಾರ ಹಿಡೀತಾರ?"

ನಾಲಿಗೆ ಉಳಿಸಿಕೊಳ್ಳುವ ದಾರಿ ನೋಡೋಣ, ಆದರೆ ಖರೇ ಖರೇ ಹೇಳಬೇಕು, ಬಿ.ಪಿ. ಗುಳಿಗೆ ದಿನಾ ತಗೊಳ್ಳುತ್ತೀರೇನು ಅಂದೆ. ಅವರು ಕಿಟಕಿ ಕಡೆ ನೋಡಿದರು. ಕಾಲ ಬಳಿ ಕೂತಿದ್ದ ಮೆಹಬೂಬಿ ಬಾಯಿಬಿಟ್ಟರು: "ಮಷೀನ ದಿನ ಗುಳಿಗಿಗೆ ರಜಾ ಅಂತಾರ್ರಿ ಇವ್ರು. ಮರುದಿನಾನೂ ಮಷೀನಿನ ಜೋರ ಇರತೈತಿ ಅಂತ ಅವತ್ತೂ ರಜಾ."

ವಿಷಯ ಇಷ್ಟೇ. ಡಯಾಲಿಸಿಸ್ ನಡೆಯುವಾಗ ಬಿ.ಪಿ. ತೀರಾ ಬೀಳಬಾರದು ಅಂತ, ಕೆಲವರಿಗೆ ಆ ದಿನ ಬೆಳಿಗ್ಗೆ ಗುಳಿಗೆ ಬೇಡ ಅಂತ ಹೇಳುವುದುಂಟು. ಡಯಾಲಿಸಿಸ್ ಮುಗಿದ ಮೇಲೆ ತಗೊಳ್ಳಬೇಕು ಅನ್ನುವುದು ಆ ಮಾತಿನ ಬಾಲ. ಬಾಲ ಎಲ್ಲೋ ಕಳಚಿ ಬಿದ್ದು, ತಲೆ ಮಾತ್ರ ಊರೆಲ್ಲ ತಿರುಗಿತ್ತು. ಡಾಕ್ಟರಬಾಯಿ ಬಂದು ಎಲ್ಲರನ್ನೂ ಕೇಳಿದರು, ಯಾರ್‍ಯಾರು ರಜೆ ಕೊಟ್ಟಿದ್ದೀರಿ ಅಂತ. ಮೊದಲು ಗಂಭೀರ ಕುಲಕರ್ಣಿಯವರ ಖಾಲಿ ಕೈ ಮೆಲ್ಲಗೆ ಮೇಲೆ ಹೋಯಿತು. ಅದನ್ನು ನೋಡಿ ಇನ್ನೊಂದು ಕೈ, ಮತ್ತೊಂದು. ಬಸ್ಸಿಗೆ ಬಸ್ಸೇ ರಜೆಯ ಮೇಲಿತ್ತು. ಈ ಬುದ್ಧಿ ಯಾರು ಹೇಳಿಕೊಟ್ಟರು ಅಂತ ಕೇಳಿದರೆ ಎಲ್ಲರ ಕಣ್ಣೂ ಕಂಡಕ್ಟರ್ ಕಡೆಗೇ ತಿರುಗಿದವು. ಉಪ್ಪಿನ ವಿಷಯದಲ್ಲಿ ಎಂದೂ ನಗದಿದ್ದ ಡಾಕ್ಟರಬಾಯಿ ಅವತ್ತು ಗುಳಿಗೆ ವಿಷಯದಲ್ಲಿ ಸ್ಟೂಲಿನ ಮೇಲೆ ಕೂತು ನಕ್ಕುಬಿಟ್ಟರು. ನಾವು ಬೇಡ ಅಂದದ್ದನ್ನು ಚೆನ್ನಾಗಿ ಹೇಳಿದ್ದೇವೆ, ಯಾವಾಗ ಬೇಕು ಅನ್ನುವುದನ್ನು ಅಷ್ಟೇ ಚೆನ್ನಾಗಿ ಹೇಳಿಲ್ಲ ಅಂದರು.

ಅವತ್ತಿನಿಂದ ನಮ್ಮ ಪದ್ಧತಿ ಬದಲಾಯಿತು. ವಾಳಪೈ ಬಂದ ಮೇಲೆ ಸೂಜಿ ತೆಗೆದು, ಕೂಡಿಸಿ, ನಿಲ್ಲಿಸಿ, ಬಿ.ಪಿ. ನೋಡಿ, ಡಾಕ್ಟರಬಾಯಿ ಒಬ್ಬೊಬ್ಬರಿಗೂ ಇವತ್ತು ಗುಳಿಗೆ ಈಗಲೋ, ರಾತ್ರಿಯೋ ಅಂತ ಹೇಳುವುದು, ಹೇಳಿದ್ದನ್ನು ರೋಗಿ ತಿರುಗಿ ನಮಗೆ ಹೇಳುವುದು. ತಿರುಗಿ ಹೇಳದೆ ಯಾರೂ ಬಾಗಿಲು ದಾಟುವ ಹಾಗಿಲ್ಲ. ಇದರ ಉಸ್ತುವಾರಿಯನ್ನು ಮೌಲಾಸಾಬರಿಗೇ ಕೊಟ್ಟೆವು. ಊರಿಗೆ ರೋಗ ಹಂಚಿದವನ ಕೈಲೇ ಔಷಧ ಹಂಚಿಸಿದಂತೆ. "ಟಿಕೆಟ್ ತೋರ್ಸರಿ ಕುಲಕರ್ಣ್ಯಾರ, ಗುಳಿಗಿ ಯಾವಾಗ?" ಅಂತ ಕೇಳುವಾಗ ಅವರ ಮುಖದಲ್ಲಿ ಹಳೇ ಕಳೆ ಮರಳಿತು. ಎರಡು ವಾರದಲ್ಲಿ ಅಸನೋಡಾ, ಡಿಚೋಲಿ ಎಲ್ಲ ಮರಳಿದವು.

ನಾಡಿ ನೋಡುವುದೂ ಹೀಗೇ ಬಂತು. ಮಲಗಿದವರ ಒಂದು ಕೈ ಯಂತ್ರಕ್ಕೆ ಕಟ್ಟಿರುತ್ತದೆ, ತಮ್ಮ ನಾಡಿ ತಾವೇ ಹಿಡಿಯಲು ಆಗದು. ಅದಕ್ಕೆ ಜೊತೆಗೆ ಬಂದವರಿಗೆ ಕಲಿಸಿದೆವು, ಮನೆಯಲ್ಲೂ ನೋಡಲಿ ಅಂತ. ಫಿಲೋಮಿನಾ ಸಿಸ್ಟರ್ ನನಗೆ ಕಲಿಸಿದಂತೆಯೇ: ಎರಡು ಬೆರಳು, ಮುಚ್ಚಿದ ಕಣ್ಣು. ಬಡಿತ ಹಳಿ ತಪ್ಪಿದೆ ಅನ್ನಿಸಿದರೆ ನಮಗೆ ಹೇಳಬೇಕು, ಉಳಿದದ್ದನ್ನು ಇಸಿಜಿ ನೋಡಿಕೊಳ್ಳುತ್ತದೆ. ಮೆಹಬೂಬಿ ಮೊದಲು ನಾಚಿಕೊಂಡರು. ಕಲಿತ ಮೇಲೆ ಬಿಡಲಿಲ್ಲ. ಲಗ್ನದಾಗೂ ಇಷ್ಟು ಹೊತ್ತು ನನ್ನ ಕೈ ಹಿಡಿದಿರಲಿಲ್ಲ ಇಕಿ ಅಂತ ಮೌಲಾಸಾಬ ವಾರ್ಡಿಗೆಲ್ಲ ಕೇಳುವಂತೆ ಹೇಳಿದರು. ಸುಮ್ಮನಿರ್ರಿ, ಎಣಿಕಿ ತಪ್ಪತೈತಿ ಅಂದರು ಆಕೆ, ಕಣ್ಣು ತೆರೆಯದೆ.

ರಕ್ತ ತೆಳುವಾಗಿಸುವ ಔಷಧದ ವಿಷಯದಲ್ಲಿ ಮಾತ್ರ ಡಾಕ್ಟರರೊಳಗೆ ಭಾಳ ಚರ್ಚೆ ಆಯಿತು. ಕೊಡದಿದ್ದರೆ ಹೆಪ್ಪಿನ ಭಯ. ಕೊಟ್ಟರೆ ಕಿಡ್ನಿ ರೋಗಿಗೆ ರಕ್ತ ಸೋರುವ ಭಯ, ಅದೂ ವಾರವಾರ ಸೂಜಿ ಚುಚ್ಚಿಸಿಕೊಳ್ಳುವವರಿಗೆ. ಎಲ್ಲರಿಗೂ ಒಂದೇ ಉತ್ತರ ಇಲ್ಲ. ಹೃದಯದ ಡಾಕ್ಟರೂ ಡಾಕ್ಟರಬಾಯಿಯೂ ಕೂತು, ಮೌಲಾಸಾಬ ದಂಪತಿಯನ್ನೂ ಕೂಡಿಸಿಕೊಂಡು, ಎರಡೂ ಕಡೆಯ ಅಪಾಯ ಹೇಳಿ, ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಸೂಜಿ ತೆಗೆದ ಜಾಗ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕಾಯಿತು, ಅಷ್ಟೇ. ತನಗೆ ಆದದ್ದನ್ನು ಮೌಲಾಸಾಬ ಉಳಿದವರಿಗೆ ತಿಳಿಸಿದ ರೀತಿ ನನಗೆ ಯಾವ ಪಾಠದಲ್ಲೂ ಸಿಕ್ಕಿಲ್ಲ. ಗಾಡಿ ಹೊಂಟಿದ್ರ ಮಂದಿ ಸರೀತಿರತಾರ, ಗಾಡಿ ನಿಂತು ಬರೇ ಗಡಗಡ ಅಂದ್ರ ಬಾಗಲದಾಗ ಗುಂಪ ಕಟ್ಟತಾರ, ಆ ಗುಂಪು ಒಮ್ಮೆಲೆ ದಬ್ಬಿಕೊಂಡು ಇಳಿದ್ರ ಯಾರರೆ ಬೀಳೂದ ಖರೇ ಅಂದರು. ತಂಬಾಕಿನ ಚೀಲವನ್ನು ಮೆಹಬೂಬಿ ಎಲ್ಲಿ ಎಸೆದರೋ ಅವರಿಗೆ ಇವತ್ತಿಗೂ ಹೇಳಿಲ್ಲ.

ಇದಾದ ಮೇಲೆ ಎಲ್ಲರಿಗೂ ಕನ್ನಡಿ ನೋಡುವ ಹುಚ್ಚು ಹತ್ತಿತು. ಒಂದು ದಿನ ಕುಲಕರ್ಣಿಯವರು ಬೆವರುತ್ತಾ ಬಂದು, ನನ್ನ ಬಾಯಿ ಸೊಟ್ಟ ಆಗೇದ, ಮಾತೂ ತೊದಲ್ತದ ಅಂದರು. ನಾವೆಲ್ಲ ಓಡಿದೆವು. ಕೈ ಹಿಡಿತ ಸರಿ, ಕಾಲು ಸರಿ, ನಾಡಿ ಗಡಿಯಾರದಂತೆ. ಡಾಕ್ಟರಬಾಯಿ ಬಾಯಿ ತೆರೆಸಿ ನೋಡಿದರೆ ಹಿಂದಿನ ದಿನವಷ್ಟೇ ಕೂಡಿಸಿದ ಹೊಸ ಹಲ್ಲಿನ ಸೆಟ್ಟು. ಮೌಲಾಸಾಬ ಒಂದು ತಿಂಗಳು ಇದೇ ಬಂಡವಾಳದ ಮೇಲೆ ವಾರ್ಡು ನಗಿಸಿದರು. ಆದರೆ ಡಾಕ್ಟರಬಾಯಿ ಎಲ್ಲರ ಮುಂದೆ ಕುಲಕರ್ಣಿಯವರ ಬೆನ್ನು ತಟ್ಟಿದರು. ಸುಳ್ಳು ಗಾಬರಿಯಾದರೂ ಸೈ, ಮನೆಯಲ್ಲಿ ಮಲಗಿ ಕಾಯದೆ ಬಂದಿರಲ್ಲ ಅಂತ. ಹೊಸಬರಿಗೆ ನಾನೂ ಇದನ್ನೇ ಹೇಳುತ್ತೇನೆ. ಗಾಬರಿಯಿಂದ ಬಂದ ರೋಗಿಯನ್ನು ನೋಡಿ ಎಂದೂ ನಗಬೇಡಿ. ನಗುವ ಕೆಲಸಕ್ಕೆ ಪಕ್ಕದ ಮಂಚದವರು ಇರುತ್ತಾರೆ.

ನನ್ನ ಕೊನೆಯ ದಿನ ಬಂತು. ಬೆಳಿಗ್ಗೆ ಹಾರ, ಶಾಲು, ಭಾಷಣ ಎಲ್ಲ ಆಫೀಸಿನಲ್ಲಿ ಮುಗಿಸಿಕೊಂಡು, ಕೊನೆಯ ಪಾಳಿ ನಾನೇ ಮಾಡುತ್ತೇನೆ ಅಂತ ಘಟಕಕ್ಕೆ ಬಂದೆ. ಬಾಗಿಲಲ್ಲಿ ನಿಂತು ಎಲ್ಲರ ಚಪ್ಪಲಿ ನೋಡಿದೆ. ಮೌಲಾಸಾಬರ ಪಟ್ಟಿ ಒಳಗಿನ ತೂತಿನಲ್ಲೇ ಇತ್ತು. ಗಾಡಿ ಮ್ಹಾಪ್ಸಾ ಬಿಟ್ಟಿತು. ಅಸನೋಡಾ ಬಂತು, ಡಿಚೋಲಿ ಬಂತು, ಸಾಂಖಳಿಯಲ್ಲಿ ಕುಡುಕ ಹತ್ತಿದ, ಈ ಸಲ ಅವನಿಗೆ ಹಲ್ಲಿನ ಸೆಟ್ಟೂ ಇತ್ತು. ಹೊಂಡಾ ದಾಟಿತು. ನಾಲ್ಕನೇ ತಾಸು ಮುಗಿಯಿತು.

ಕೂಗು ಬರಲಿಲ್ಲ.

ನಾನು ಒಬ್ಬರ ಯಂತ್ರ ನಿಲ್ಲಿಸುತ್ತಿದ್ದೆ. ಗಡಿಯಾರ ನೋಡಿದೆ, ಕಿಟಕಿ ಕಡೆ ನೋಡಿದೆ. ಮೌಲಾಸಾಬ ಬಾಯಿ ಬಿಗಿಹಿಡಿದು ಮಲಗಿದ್ದರು, ಕಣ್ಣಲ್ಲಿ ನೀರು. ಕೈಯಲ್ಲಿದ್ದದ್ದನ್ನು ಪಕ್ಕದ ಹುಡುಗಿಗೆ ಕೊಟ್ಟು ಅವರ ಹತ್ತಿರ ಓಡಿದೆ. ನಗಿರಿ ಅಂದೆ. ಬೆರಳು ಎರಡೂ ಅಂಗೈಯಲ್ಲಿಟ್ಟು ಹಿಂಡಿರಿ ಅಂದೆ. ಮೆಹಬೂಬಿ ಆಗಲೇ ಕಣ್ಣು ಮುಚ್ಚಿ ಮಣಿಕಟ್ಟು ಹಿಡಿದಿದ್ದರು. ಎರಡೂ ಅಂಗೈ ನನ್ನ ಬೆರಳನ್ನು ಹಿಂಡಿದವು, ನೋಯುವಷ್ಟು ಗಟ್ಟಿಯಾಗಿ. ಆಮೇಲೆ ಆ ಮುಖದಲ್ಲಿ ನಗು ಹರಡಿತು. ಎಡತುದಿ ಏರಿತು, ಬಲತುದಿಯೂ ಏರಿತು.

ಯಾಕ ಕೂಗಲಿಲ್ಲ, ಜೀವ ಹೋಗಿತ್ತು ನಂದು ಅಂತ ಗದರಿದೆ.

"ಕೂಗಿದ್ರ ನೀವು ಇಳದ ಹೋಗ್ತೀರಿ ಅಕ್ಕಾರ."

ವಾರ್ಡಿನಲ್ಲಿ ಎಲ್ಲರೂ ಸೂಜಿ ತೆಗೆಸಿಕೊಳ್ಳಲು ಕಾಯುತ್ತಿದ್ದರು, ಆದರೆ ಯಾರಿಗೂ ಅವಸರ ಇದ್ದಂತೆ ಕಾಣಲಿಲ್ಲ. ಕುಲಕರ್ಣಿಯವರು ಛಾವಣಿ ನೋಡುತ್ತಿದ್ದರು. ಹೊತ್ತು ಮೀರಿದ ಗಾಡಿಯನ್ನು ಹಾಗೇ ನಿಲ್ಲಿಸುವ ಹಾಗಿಲ್ಲವಲ್ಲ. ಇಷ್ಟು ವರ್ಷ ಆ ಕೋಣೆಯಲ್ಲಿ ದನಿ ಎತ್ತದ ನಾನು ಗಂಟಲು ಸರಿಮಾಡಿಕೊಂಡು, ಸೆರಗು ಸಿಕ್ಕಿಸಿಕೊಂಡು, ಮಂಚಗಳ ನಡುವೆ ನಿಂತು ಕೂಗಿದೆ:

"ವಾಳಪೈ, ವಾಳಪೈ. ವಾಳಪೈ ಬಂತು, ಇಳೀರಿ."

"ಟಿಕೆಟ್ ತೋರ್ಸಿ ಇಳೀರಿ" ಅಂತ ಕಿಟಕಿಯ ಕಡೆಯಿಂದ ದನಿ ಸೇರಿತು, ಒಂದೂ ಅಕ್ಷರ ತೊಡರಲಿಲ್ಲ.